ಕುಲಕರ್ಣಿ ಅಂಕಲ್ ಮತ್ತು ಎರಡನೆಯ ಒಲೆ

ಯಾರ ಮನೆಯ ಅರ್ಜಿ ಟೌನ್‌ಶಿಪ್ ಆಫೀಸಿನಲ್ಲಿದೆಯೋ ಅವರ ಮನೆಯಲ್ಲಿ ಕುಲಕರ್ಣಿ ಅಂಕಲ್ ನೀರನ್ನೂ ಕುಡಿಯುತ್ತಿರಲಿಲ್ಲ. ಪೂಜೆಗೆ ಕರೆದರೆ ಬರುತ್ತಿದ್ದರು. ಬಾಗಿಲ ಬಳಿ ನಿಂತು ಕೈಮುಗಿದು, ಪ್ರಸಾದದ ತಟ್ಟೆ ಹತ್ತಿರ ಬರುವ ಮೊದಲೇ ಹೊರಟುಬಿಡುತ್ತಿದ್ದರು. "ಫೈಲ್ ಪೆಂಡಿಂಗ್ ಅದ ರೀ" ಎನ್ನುತ್ತಿದ್ದರು, ಏಕಾದಶಿ ಇದೆ ಎನ್ನುವ ಧಾಟಿಯಲ್ಲಿ.

ಹಿಲ್ಸ್‌ಬರೋ ಪಕ್ಕದ ನಮ್ಮ ಟೌನ್‌ಶಿಪ್ಪಿನ ಜೋನಿಂಗ್ ಬೋರ್ಡಿಗೆ ಅವರು ಸದಸ್ಯರು. ಧಾರವಾಡದವರು, ಸೇತುವೆಗಳ ಇಂಜಿನಿಯರಾಗಿ ನಿವೃತ್ತರಾದವರು, ಹೆಂಡತಿ ತೀರಿಕೊಂಡ ಮೇಲೆ ಒಬ್ಬರೇ ಇದ್ದರು. ಮನೆ ಮಾರ್ಪಾಡಿಗೆ ಜೋನಿಂಗ್ ಆಫೀಸರ್ ಆಗದು ಎಂದರೆ ಜನ ಹೋಗುವುದು ಈ ಬೋರ್ಡಿಗೆ. ಸಂಬಳವಿಲ್ಲದ ಏಳು ಮಂದಿ ಊರವರು ಸಾಲಾಗಿ ಕುಳಿತು ವಾದ ಕೇಳಿ, ಒಬ್ಬೊಬ್ಬರಾಗಿ ಎಲ್ಲರೆದುರಿಗೇ ಒಪ್ಪಿಗೆಯನ್ನೋ ನಿರಾಕರಣೆಯನ್ನೋ ಹೇಳುತ್ತಾರೆ. ಅದೆಲ್ಲ ನಾಟಕ, ತೀರ್ಮಾನ ಮೊದಲೇ ಆಗಿರುತ್ತದೆ ಎಂದು ನಾನು ವಾದಿಸುತ್ತಿದ್ದೆ. "ನೀವು ಪಿಎಚ್‌ಡಿ ಮಾಡಿದವ್ರು. ನಿಮಗ ನಿಮ್ಮ ನೆರಳಿನ ಮ್ಯಾಲೂ ಡೌಟ್" ಎಂದು ಅವರು ನಗುತ್ತಿದ್ದರು.

ಆಮೇಲೆ ನಮ್ಮದೇ ಫೈಲ್ ಪೆಂಡಿಂಗ್ ಆಯಿತು. ನನ್ನ ಹೆಂಡತಿ ಸುಮಾಳ ಅಕ್ಕ ಗಿರಿಜಕ್ಕ ಪಾರ್ಸಿಪನಿಯಲ್ಲಿ ಲಿಫ್ಟ್ ಇಲ್ಲದ ಅಪಾರ್ಟ್‌ಮೆಂಟಿನ ಮಹಡಿಯಲ್ಲಿದ್ದರು. ಬೆನ್ನಿನ ಆಪರೇಷನ್ ಆಗಿ ಗಾಲಿಕುರ್ಚಿಗೆ ಬಂದ ಮೇಲೆ ನಮ್ಮ ಮನೆಯ ಹಾಲಿನಲ್ಲೇ ಅವರ ಮಂಚ. ಗ್ಯಾರೇಜನ್ನು ಅವರಿಗೊಂದು ಪುಟ್ಟ ಮನೆ ಮಾಡಿಕೊಡೋಣ ಎಂದುಕೊಂಡೆವು. ಕೋಣೆಗೆ, ಬಚ್ಚಲಿಗೆ ಯಾರ ಅಡ್ಡಿಯೂ ಇರಲಿಲ್ಲ. ಪ್ಲಾನಿನಲ್ಲಿ ಒಲೆ ಕಂಡೊಡನೆ ಆಫೀಸರ್ ತಡೆದರು. ಎರಡು ಅಡುಗೆಮನೆ ಎಂದರೆ ಎರಡು ಸಂಸಾರದ ಮನೆ, ನಮ್ಮ ಬೀದಿಯಲ್ಲಿ ಅದಕ್ಕೆ ಅವಕಾಶವಿಲ್ಲ. ಒಲೆ ಕೈಬಿಡಿ, ನಾಳೆಯೇ ಪರ್ಮಿಟ್ ಸಿಗುತ್ತದೆ ಎಂದರು ನಮ್ಮ ಲಾಯರು.

"ಒಲಿ ಇಲ್ಲಂದ್ರ ನಾ ಪಾರ್ಸಿಪನಿಗೇ ಹೋಗ್ತೀನಿ," ಎಂದರು ಗಿರಿಜಕ್ಕ. "ತಂಗಿ ಮನ್ಯಾಗ ಕೂತು, ಊಟಕ್ಕ ಯಾವಾಗ ಕರೀತಾರಂತ ಕಾಯೂದು ನನ್ನ ಕೈಲೆ ಆಗಂಗಿಲ್ಲ."

ಹೋದರೆ ಆ ಮೆಟ್ಟಿಲು ಹತ್ತಿಸುವವರು ಯಾರು? ಬೋರ್ಡಿಗೆ ಅರ್ಜಿ ಹಾಕಿದೆವು. ಸುತ್ತಲ ಮನೆಗಳಿಗೆಲ್ಲ ನೋಟಿಸ್ ಹೋಯಿತು. ಭಾನುವಾರ ತಪ್ಪದೆ ಗಿರಿಜಕ್ಕನ ಕೈಯ ರೊಟ್ಟಿಗೆ ಬರುತ್ತಿದ್ದ ಅಂಕಲ್ ಬರುವುದು ನಿಂತಿತು. ವಾಕಿಂಗಿಗೆ ಕೂಡ ಬೇರೆ ರಸ್ತೆ ಹಿಡಿದರು.

ವಿಚಾರಣೆಯ ವಾರ ಗಿರಿಜಕ್ಕ ಅವರಿಗೆ ಶೇಂಗಾ ಚಟ್ನಿಪುಡಿಯ ಡಬ್ಬಿ ಕಳಿಸಿದರು. ಒಬ್ಬರೇ ಇರುವ ಮನುಷ್ಯ, ಪುಡಿ ಮುಗಿದಿರಬೇಕು ಎನ್ನುವುದಷ್ಟೇ ಅವರ ಲೆಕ್ಕ. ಸಂಜೆಯೊಳಗೆ ಡಬ್ಬಿ ನಮ್ಮ ಬಾಗಿಲ ಮುಂದೆ ವಾಪಸ್ಸು ಬಂದಿತ್ತು. ಮುಚ್ಚಳಕ್ಕೆ ಸುತ್ತಿದ ಟೇಪನ್ನೂ ಬಿಚ್ಚಿರಲಿಲ್ಲ.

ಸಭೆಯಲ್ಲಿ ನಮ್ಮ ಅರ್ಜಿ ಕರೆದಾಗ ಅಂಕಲ್ ಮೈಕ್ ಎಳೆದುಕೊಂಡರು. ತಾನು ಈ ಮನೆಯಲ್ಲಿ ಊಟ ಮಾಡುವವನು, ಈ ವಾರ ಅಲ್ಲಿಂದ ಚಟ್ನಿಪುಡಿ ಬಂತು, ಹಿಂದಿರುಗಿಸಿದ್ದೇನೆ, ಆದರೂ ತಾನಿಲ್ಲಿ ಕೂರುವುದು ಸರಿಯಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿದರು. ಅಧ್ಯಕ್ಷೆ ಚಟ್ನಿಪುಡಿ ಎಂದರೇನೆಂದು ಕೇಳಿದರು.

"ಪೀನಟ್, ಗಾರ್ಲಿಕ್, ಚಿಲ್ಲಿ. ವೆರಿ ಗುಡ್," ಎಂದು ಗಂಭೀರವಾಗಿ ಹೇಳಿ ಎದ್ದುಹೋದರು.

ಸಭೆ ನಕ್ಕಿತು. ನನಗೆ ನಗು ಬರಲಿಲ್ಲ. ಇಂಥ ಅರ್ಜಿಗೆ ಐದು ಮಂದಿಯ ಒಪ್ಪಿಗೆ ಬೇಕು. ಒಬ್ಬ ಸದಸ್ಯರು ಬಂದಿರಲೇ ಇಲ್ಲ. ಅಂಕಲ್ ಎದ್ದ ಮೇಲೆ ಉಳಿದವರು ಐದೇ. ಒಬ್ಬರು ಬೇಡವೆಂದರೂ ಮುಗಿಯಿತು. ಮುಂದಿನ ತಿಂಗಳಿಗೆ ಹಾಕಿಸೋಣವೇ ಎಂದು ಲಾಯರ್ ಪಿಸುಗುಟ್ಟಿದರು.

"ಇವತ್ತೇ ಆಗ್ಲಿ," ಎಂದ ಗಿರಿಜಕ್ಕ, ಪ್ರಮಾಣ ಮಾಡಿ ತಾವೇ ಉತ್ತರ ಹೇಳಲು ಕುಳಿತರು. ತಂಗಿಯ ಮನೆಯಲ್ಲಿ ಒಲೆ ಇದೆಯಲ್ಲ ಎಂದು ಒಬ್ಬ ಸದಸ್ಯ ಕೇಳಿದ.

"ದಟ್ ಈಸ್ ಹರ್ ಸ್ಟೋವ್, ಸರ್."

ಒಪ್ಪಿಗೆಗಳು ಒಂದೊಂದಾಗಿ ಬಂದವು. ಪ್ರಶ್ನೆ ಕೇಳಿದವನದು ಕೊನೆಗೆ, ತಡೆದು ಬಂತು. ಷರತ್ತು ಒಂದೇ: ಗಿರಿಜಕ್ಕ ಅಲ್ಲಿರುವ ತನಕ ಮಾತ್ರ ಆ ಒಲೆ.

ಆ ಹೊತ್ತಿಗೆ ಅಂಕಲ್ ಗಾಜಿನ ಬಾಗಿಲ ಆಚೆ ನಮಗೆ ಬೆನ್ನು ಮಾಡಿ ನಿಂತಿದ್ದರೆಂದು ನನ್ನ ನೆನಪು. ಸುಮಾ ಒಪ್ಪುವುದಿಲ್ಲ. "ಅವ್ರು ಪಾರ್ಕಿಂಗ್ ಲಾಟ್‌ನ್ಯಾಗ ಕಾರಿನೊಳಗ ಕೂತಿದ್ರು. ಅಲ್ಲಿ ಗಾಜಿನ ಬಾಗಲಾನ ಇಲ್ಲ." ಒಮ್ಮೆ ಹೋಗಿ ನೋಡಿಬಂದೆ. ಬಾಗಿಲು ಮರದ್ದು. ಆದರೂ ಆ ಬೆನ್ನು ನನಗೆ ಕಾಣುತ್ತಲೇ ಇದೆ.

ತೀರ್ಪಾದ ಮೇಲೂ ಅವರು ಬರಲಿಲ್ಲ. ಆಕ್ಷೇಪವಿದ್ದವರು ಕೋರ್ಟಿಗೆ ಹೋಗಲು ಒಂದು ಗಡುವಿದೆ, ಅದೂ ಕಳೆಯಬೇಕಿತ್ತು. ಕಳೆದ ಮೇಲಿನ ಭಾನುವಾರ ಬಾಗಿಲು ತಟ್ಟಿದರು.

"ಅಕ್ಕಾರ, ಆ ಡಬ್ಬಿ ಎಲ್ಲದ?"

"ನಿಮ್ಮ ಕಾನೂನು ಮುಗಿಯೂತನಕ ಶೇಂಗಾ ಕಾಯ್ತದೇನ್ರಿ? ಹೊಸಾದು ಕುಟ್ಟೀನಿ, ಬರ್ರಿ ಒಳಗ."

ನಾನು ಅವರನ್ನು ಕೊನೆಯ ಸಲ ನೋಡಿದ್ದು ಕಳೆದ ಚಳಿಗಾಲ, ಪ್ರಿನ್ಸ್‌ಟನ್ ಹತ್ತಿರದ ಒಂದು ನರ್ಸಿಂಗ್ ಹೋಮಿನಲ್ಲಿ. ಬೋರ್ಡು ಬಿಟ್ಟು ಬಹಳ ಕಾಲವಾಗಿತ್ತು. ನನ್ನ ಹೆಸರು ಅವರಿಗೆ ಬೇಗ ಹೊಳೆಯಲಿಲ್ಲ. ಗಿರಿಜಕ್ಕ ಕೊಟ್ಟ ಡಬ್ಬಿಯನ್ನು ಕೈಗಿಟ್ಟೆ. ತೆರೆಯದೆ ಹಾಗೇ ಹಿಡಿದುಕೊಂಡು ನನ್ನ ಮುಖ ನೋಡಿದರು.

"ಫೈಲ್ ಏನೂ ಪೆಂಡಿಂಗ್ ಇಲ್ಲಲ್ಲ?"

ತಮಾಷೆಯೋ ಮರೆವೋ, ಆಗಲೂ ತಿಳಿಯಲಿಲ್ಲ, ಈಗಲೂ ತಿಳಿಯದು.

"ಏನೂ ಇಲ್ಲ ಅಂಕಲ್."

"ಖರೇನ?"

"ಖರೇ."

ಆಗ ಮುಚ್ಚಳ ತೆಗೆದರು.