ಎರಡನೆಯ ಬಟ್ಟಲು

ವಾರದ ಐದು ದಿನ ಅಮೆರಿಕದ ಆಬರ್ನ್ ಹಿಲ್ಸ್‌ನಲ್ಲಿ ಕಾರಿನ ಬ್ರೇಕು ಪರೀಕ್ಷಿಸುವ ನಾನು ಶನಿವಾರ ಬಂದರೆ ನಿರ್ದೇಶಕ. ನನ್ನ ಮೊದಲ ಕಿರುಚಿತ್ರ ಶಿಕಾಗೋದ ಒಬ್ಬ ಜಪಾನಿ ಹುಡುಗಿಯದು. ಬಣ್ಣದ ವಿಗ್ ತೊಟ್ಟು ಕಾರ್ಟೂನ್ ಪಾತ್ರಗಳ ವೇಷ ಹಾಕುವವಳು. ಎರಡನೆಯದು ಅವಳ ಅಜ್ಜಿಯದು. ನಮ್ಮ ಮನೆಯಿಂದ ಇಪ್ಪತ್ತು ಮೈಲಿ ದೂರದಲ್ಲಿದ್ದ ಅವರು ಬೇಸ್‌ಮೆಂಟಿನಲ್ಲಿ ಚಾಪೆ ಹಾಸಿ, ಜಪಾನಿನ ಶಾಸ್ತ್ರದ ಪ್ರಕಾರ ಚಹಾ ಮಾಡಿ ಬಡಿಸುವುದನ್ನು ಕಲಿಸುತ್ತಿದ್ದರು. ಕಲಿಯುವವರು ಯಾರೂ ಉಳಿದಿರಲಿಲ್ಲ.

ಅಜ್ಜಿ ಚಿತ್ರೀಕರಣಕ್ಕೆ ಒಪ್ಪಿದ್ದು ಒಂದೇ ಆಸೆಗೆ. ಮೊಮ್ಮಗಳು ಅವರ ಕೈಯ ಆ ಚಹಾವನ್ನು ಒಮ್ಮೆಯೂ ಕುಡಿದಿರಲಿಲ್ಲ. “ಕ್ಯಾಮೆರಾ ಇದ್ದರೆ ಬರುತ್ತಾಳೆ” ಎಂದಿದ್ದರು. ಬಂದಳು ಕೂಡ. ಆದರೆ ಒಬ್ಬಳೇ ಕೂರುವುದಿಲ್ಲವೆಂದಳು. ಕ್ಯಾಮೆರಾವನ್ನು ಟ್ರೈಪಾಡಿಗೆ ಸಿಕ್ಕಿಸಿ ನಾನೇ ಮೊದಲನೆಯ ಅತಿಥಿಯಾಗಿ ಕುಳಿತೆ. ಮೈಕ್ ಹಿಡಿದು ನಿಂತಿದ್ದವಳು ನನ್ನ ಹೆಂಡತಿ.

ಹಸಿರು ಚಹಾಪುಡಿಯನ್ನು ಬಿಸಿನೀರಿನಲ್ಲಿ ಕಲೆಸಿದ ಆ ಗಟ್ಟಿ ಚಹಾಕ್ಕೆ ಎಲ್ಲರಿಗೂ ಒಂದೇ ಬಟ್ಟಲು. ಮೊದಲನೆಯವನು ತುಟಿ ಹಚ್ಚಿ ಕುಡಿದು, ಅಂಚು ಒರೆಸಿ, ಪಕ್ಕದವರಿಗೆ ದಾಟಿಸಬೇಕು. ನಾನೋ ಎಂಜಲು ಎಂದರೆ ಉರಿದುಬೀಳುವ ಮೈಸೂರಿನ ಮನೆಯಲ್ಲಿ ಬೆಳೆದವನು. ಲೋಟಕ್ಕೆ ತುಟಿ ತಾಗಿದರೆ ಬೆನ್ನಿಗೆ ಗುದ್ದು ಬೀಳುತ್ತಿತ್ತು. ಅಜ್ಜಿ ಎರಡು ಸಲ ಹೇಳಿಕೊಟ್ಟಿದ್ದರು. ಆದರೂ ಇದನ್ನು ಇನ್ನೊಬ್ಬರು ಕುಡಿಯಬೇಕು ಅನ್ನಿಸಿದ್ದೇ ತಡ, ಕೈ ತಾನಾಗಿ ಮೇಲೇರಿತು. ಎತ್ತಿ ಕುಡಿಯಲು ಅದೇನು ಮಜ್ಜಿಗೆಯೇ? ಮೊದಲು ಬೀಳಲೇ ಇಲ್ಲ. ಆಮೇಲೆ ಹಸಿರು ಗಂಜಿಯಂತೆ ಒಟ್ಟಿಗೇ ಮೂಗು, ಗದ್ದ, ಅಂಗಿ, ಚಾಪೆಯ ಮೇಲೆಲ್ಲ ಬಿತ್ತು.

ಹುಡುಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಖುಷಿಯಾಯಿತು. ಇಡೀ ಚಿತ್ರಕ್ಕೆ ಇಂಥದೊಂದು ದೃಶ್ಯ ಸಾಕಾಗಿತ್ತು. ಅಜ್ಜಿ ನಗಲಿಲ್ಲ, ಬೈಯಲೂ ಇಲ್ಲ. ಚಾಪೆ ಒರೆಸಿ, ಇನ್ನೊಂದು ಬಟ್ಟಲು ತೆಗೆದು ಮತ್ತೆ ಚಹಾ ಕಲೆಸತೊಡಗಿದರು.

“ಮುಗಿಯಿತೇ?” ಎಂದು ಹುಡುಗಿ ಇಂಗ್ಲಿಷಿನಲ್ಲಿ ನನ್ನನ್ನು ಕೇಳಿದಳು.

ಹೆಂಡತಿ ಮೆಲ್ಲಗೆ, “ಒಂದ್ ಹತ್ತು ನಿಮಿಷ ಇರೋಕೆ ಹೇಳ್ರೀ. ಅಜ್ಜಿ ಮತ್ತೆ ಮಾಡ್ತಿದಾರೆ” ಎಂದಳು.

“ನಂಗೆ ಬೇಕಾದ ಶಾಟ್ ಸಿಕ್ತು, ಬಿಡೆ” ಎಂದೆ. ಹುಡುಗಿಗೆ, ಹೊರಡಬಹುದು ಎಂದು ಹೇಳಿದೆ.

ಇರು ಎಂದಿದ್ದರೆ ಇರುತ್ತಿದ್ದಳು. ಆದರೆ ಅವಳು ಕುಡಿದುಬಿಟ್ಟರೆ ನನ್ನ ತಮಾಷೆಯ ದೃಶ್ಯ ಸಪ್ಪೆಯಾಗುತ್ತಿತ್ತು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎನ್ನುತ್ತಾರೆ. ಬೆಕ್ಕು ನಾನೇ ಎಂದು ಆಗಲೇ ಗೊತ್ತಿತ್ತು.

ಹುಡುಗಿ ಅಜ್ಜಿಯ ಹೆಗಲು ತಟ್ಟಿ ಮೆಟ್ಟಿಲು ಹತ್ತಿದಳು. ಡ್ರೈವ್‌ವೇಯಿಂದ ಕಾರು ಹೊರಟ ಸದ್ದು ಕೇಳಿಸಿದರೂ ಅಜ್ಜಿ ಕಲೆಸುವುದನ್ನು ನಿಲ್ಲಿಸಲಿಲ್ಲ. ಕಲೆಸಿ ಮುಗಿಸಿ, ಪದ್ಧತಿಯಂತೆ ಬಟ್ಟಲನ್ನು ಎರಡು ಸಲ ತಿರುಗಿಸಿ, ಅವಳು ಕೂತಿದ್ದ ಜಾಗದ ಮುಂದೆ ಇಟ್ಟರು. ನಾನು ಟ್ರೈಪಾಡಿನಿಂದ ಕ್ಯಾಮೆರಾ ಬಿಚ್ಚಿಕೊಂಡು ಹತ್ತಿರ ಹೋದೆ. ತುಂಬಿದ ಬಟ್ಟಲು, ಖಾಲಿ ಚಾಪೆ. ಇದು ಮೊದಲಿನದಕ್ಕಿಂತ ಚೆನ್ನಾಗಿತ್ತು.

ಸ್ವಲ್ಪ ಹೊತ್ತು ಕಾದು, ಅಜ್ಜಿ ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿ ನನ್ನತ್ತ ಚಾಚಿದರು. “ನೀವಾದರೂ ಕುಡಿಯಿರಿ. ತುಟಿ ತಾಗಿಸಿದರೂ ಪರವಾಗಿಲ್ಲ. ನಿಮ್ಮ ನಂತರ ಕುಡಿಯುವವರು ಯಾರೂ ಇಲ್ಲ” ಎಂದರು.

“ಕೈ ಇಳಿಸಬೇಡಿ, ಹಾಗೇ ಹಿಡಿದಿರಿ” ಎಂದು ನಾನು ಫೋಕಸ್ ಸರಿಮಾಡಿಕೊಂಡೆ.