ಮೈಕಮ್ಮನ ಹೆಡ್‌ಫೋನಿಗೊಂದು ಜೋಡಿ

ಬಸ್ ನಿಲ್ದಾಣದಲ್ಲಿ ಬಸ್ಸುಗಳು ಬರುವುದನ್ನೂ ಹೊರಡುವುದನ್ನೂ ಮೈಕಿನಲ್ಲಿ ಸಾರುತ್ತಿದ್ದ ಆಕೆಯನ್ನು ಊರೆಲ್ಲ ಮೈಕಮ್ಮ ಎಂದೇ ಕರೆಯುತ್ತಿತ್ತು. ಮದುವೆಯಾದ ಹೊಸತರಲ್ಲಿ ಆ ಕೆಲಸಕ್ಕೆ ಸೇರಿದವಳು ತಲೆ ನರೆಯುವ ತನಕ ಅದೇ ಗಾಜಿನ ಗೂಡಿನಲ್ಲಿ ಕೂತಿದ್ದಳು. ಅವಳ ಮುಖ ನೋಡಿದವರು ಕಡಿಮೆ, ದನಿ ಕೇಳದವರು ಇಲ್ಲ. ತರಕಾರಿ ಅಂಗಡಿಯಲ್ಲಿ ಅವಳು "ಅರ್ಧ ಕಿಲೋ ಟೊಮೆಟೊ ಕೊಡಪ್ಪ" ಎಂದರೆ ಸಾಕು, ಪಕ್ಕದಲ್ಲಿ ನಿಂತವರು ಬಸ್ಸು ಬಂದೇಬಿಟ್ಟಿತೇನೋ ಎಂದು ಚೀಲ ಎತ್ತಿಕೊಳ್ಳುತ್ತಿದ್ದರು.

ಮನೆಯಲ್ಲಿ ಮಾತ್ರ ಆ ದನಿಗೆ ಅಷ್ಟೇನೂ ಮರ್ಯಾದೆ ಇರಲಿಲ್ಲ. ಗಂಡ ಟೈಲರ್. ಮುಂದಿನ ಕೋಣೆಯಲ್ಲೇ ಅವನ ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸುವ ಮೇಜು, ಗೋಡೆಯುದ್ದಕ್ಕೂ ನೇತುಬಿದ್ದ ಅರೆಹೊಲಿದ ಕೋಟುಗಳು. ಅವಳು ಏನಾದರೂ ಹೇಳಹೊರಟರೆ ಅವನು ಬಾಯಲ್ಲಿ ಕಚ್ಚಿಕೊಂಡ ಗುಂಡುಸೂಜಿ ತೆಗೆಯದೆ, "ಊರಿಗೆಲ್ಲ ದಿನವಿಡೀ ಹೇಳ್ತೀಯ, ಮನೇಲಾದ್ರೂ ಬಾಯಿಗೆ ರಜೆ ಕೊಡು ಮಾರಾಯ್ತಿ" ಎನ್ನುತ್ತಿದ್ದ. ಅವಳು ಅದನ್ನು ಮನಸ್ಸಿಗೆ ಹಚ್ಚಿಕೊಂಡವಳಲ್ಲ. ಕೇಳುವವರು ಹೊರಗೆ ಬೇಕಾದಷ್ಟಿದ್ದರು.

ನಿವೃತ್ತಿಯ ದಿನ ಸಹೋದ್ಯೋಗಿಗಳೆಲ್ಲ ಸೇರಿ ಅವಳಿಗೊಂದು ಹೆಡ್‌ಫೋನ್ ಕೊಟ್ಟರು. ಗಾಜಿನ ಗೂಡಿನಲ್ಲಿ ಅವಳು ಟೇಪು ಸುತ್ತಿದ ಹಳೆಯದೊಂದನ್ನೇ ಕಿವಿಗೆ ಸಿಕ್ಕಿಸಿಕೊಂಡು ಕಾಲ ಹಾಕಿದ್ದನ್ನು ಕಂಡಿದ್ದ ನಿಲ್ದಾಣದ ಎಲೆಕ್ಟ್ರಿಷಿಯನ್, ರೆಕಾರ್ಡಿಂಗ್ ಸ್ಟುಡಿಯೋದವರು ಬಳಸುವಂಥದ್ದನ್ನೇ ಹುಡುಕಿ ತಂದಿದ್ದ. ಕಿವಿಯನ್ನು ಇಡಿಯಾಗಿ ಮುಚ್ಚುವ ಮೆತ್ತೆ, ಒಳ್ಳೆಯ ತೂಕ. ತಲೆಗೆ ಹಾಕಿಕೊಂಡರೆ ಯಾರೋ ಎರಡೂ ಕೈಯಿಂದ ಮುಖ ಹಿಡಿದು ಮುದ್ದು ಮಾಡಿದ ಹಾಗಾಗುತ್ತಿತ್ತು. ಅದೇ ಸಮಾರಂಭಕ್ಕೆ ಬಂದಿದ್ದ ಗ್ರಂಥಾಲಯದಾಕೆ ಅವಳ ಕೈ ಹಿಡಿದು, "ಬಸ್ಸು ಕೂಗಿದ್ದು ಸಾಕು ಮೇಡಂ. ಕಣ್ಣು ಕಾಣದವರಿಗೋಸ್ಕರ ನಾವು ಪುಸ್ತಕ ಓದಿಸಿ ಇಡ್ತೀವಿ. ನಿಮ್ಮ ದನಿ ನಮಗೆ ಬೇಕು" ಎಂದರು. ಮೈಕಮ್ಮನಿಗೆ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ.

ಗ್ರಂಥಾಲಯದವರು ಒಂದು ಮೈಕನ್ನೂ ಒಂದು ಪುಸ್ತಕವನ್ನೂ ಕೊಟ್ಟುಕಳಿಸಿದರು. ನೀರು ಕಂಡರೆ ಹೆದರುವ ಹಡಗಿನ ಅಡುಗೆಯವನೊಬ್ಬನ ಸಾಹಸದ ಕತೆ ಅದು. ಮನೆಯ ನಡುಕೋಣೆಯಲ್ಲಿ ಹಳೆಯ ಕಂಪ್ಯೂಟರಿತ್ತು. ದನಿ ಗೋಡೆಗೆ ಬಡಿದು ಮರಳಬಾರದೆಂದು ಅವಳು ಗಂಡನ ಬಟ್ಟೆಯ ತಾನುಗಳನ್ನೇ ಸುತ್ತ ತೂಗುಹಾಕಿದಳು. ಮುಂದಿನ ಕೋಣೆಗೂ ನಡುಕೋಣೆಗೂ ಬಾಗಿಲಿರಲಿಲ್ಲ, ಒಂದು ದಪ್ಪ ಪರದೆ ಇತ್ತು. ಆ ಕಡೆ ಗಂಡ ಹೊಲಿಯುತ್ತಿದ್ದ, ಈ ಕಡೆ ಇವಳು ಓದುತ್ತಿದ್ದಳು. ಮೊದಲ ಅಧ್ಯಾಯಗಳು ಗ್ರಂಥಾಲಯಕ್ಕೆ ಹೋದವು, ಹೋದ ದಾರಿಯಲ್ಲೇ ತಿರುಗಿ ಬಂದವು.

"ಓದಿರೋದು ತುಂಬ ಚೆನ್ನಾಗಿದೆ ಮೇಡಂ," ಎಂದರು ಗ್ರಂಥಾಲಯದಾಕೆ ಫೋನಿನಲ್ಲಿ. "ಆದ್ರೆ ಹಿಂದೆ ಏನೋ ಟರ್ ಟರ್ ಅನ್ನತ್ತೆ. ಅಲ್ಲಲ್ಲಿ ಇನ್ನೂ ಏನೇನೋ ಸದ್ದು. ನೀವೊಮ್ಮೆ ಕೇಳಿಸಿಕೊಂಡು, ಅಂಥ ಕಡೆ ಮತ್ತೆ ಓದಿಕೊಡ್ತೀರಾ?"

ಮೈಕಮ್ಮ ಹೊಸ ಹೆಡ್‌ಫೋನನ್ನು ಕಂಪ್ಯೂಟರಿಗೆ ಸಿಕ್ಕಿಸಿ ಕೂತಳು. ವಾಲ್ಯೂಮನ್ನು ತುದಿಯವರೆಗೂ ಏರಿಸಿದಳು. ತನ್ನದೇ ದನಿ ಬಾವಿಯ ತಳದಿಂದ ಬಂದಂತೆ ಕ್ಷೀಣವಾಗಿ ಕೇಳಿಸಿತು. ಟರ್ ಟರ್ ಇಲ್ಲ, ಏನೂ ಇಲ್ಲ. ಮತ್ತೊಮ್ಮೆ ಕೇಳಿದಳು, ಕಣ್ಣು ಮುಚ್ಚಿ ಕೇಳಿದಳು. ಇಷ್ಟು ಒಳ್ಳೆಯ ಹೆಡ್‌ಫೋನಿದ್ದೂ ಕೇಳುತ್ತಿಲ್ಲವೆಂದರೆ ದೋಷ ಕಿವಿಯದೇ ಇರಬೇಕು. ವರ್ಷಗಟ್ಟಲೆ ಬಸ್ಸಿನ ಹಾರನ್ನಿನ ನಡುವೆ ಕೂತಿದ್ದಕ್ಕೆ ಈಗ ಸುಂಕ ಕಟ್ಟಬೇಕಾಯಿತೇನೋ. ಹೆಡ್‌ಫೋನಿನ ಮೇಲೆ ತಪ್ಪು ಹಾಕೋಣವೆಂದರೆ ಕುಣಿಯಲಾರದವಳು ನೆಲ ಡೊಂಕು ಎಂದ ಹಾಗಾದೀತು.

ಯಾರಿಗೂ ಹೇಳದೆ ಕಿವಿ ಡಾಕ್ಟರ ಬಳಿ ಹೋದಳು. ಅವರು ಗೂಡಿನಂಥ ಕೋಣೆಯಲ್ಲಿ ಕೂರಿಸಿ, ಪೀಂ ಎಂಬ ಸದ್ದು ಕೇಳಿದಾಗೆಲ್ಲ ಬೆರಳೆತ್ತಲು ಹೇಳಿದರು. ಕಡೆಗೆ ಕಾಗದ ನೋಡಿ ನಕ್ಕು, "ನಿಮ್ಮ ವಯಸ್ಸಿಗೆ ಇಂಥ ಕಿವಿ ಇರೋದೇ ಪುಣ್ಯ ಅಮ್ಮ. ಪಕ್ಕದ ಮನೆ ಜಗಳ ಒಂದಕ್ಷರ ಬಿಡದೆ ಕೇಳಿಸತ್ತೆ ನಿಮಗೆ" ಎಂದರು. ಹೊರಗೆ ಬಂದವಳಿಗೆ ಬೀದಿಯ ಗದ್ದಲವೆಲ್ಲ ಸಂಗೀತದಂತೆ ಕೇಳಿಸಿತು. ಸೈಕಲ್ಲಿನ ಗಂಟೆಯೊಂದು ಹಿಂದಿನಿಂದ ಟ್ರಿಣ್ ಎಂದಾಗ ಪಕ್ಕಕ್ಕೆ ಸರಿಯುವುದನ್ನೂ ಮರೆತು ನಗುತ್ತ ನಿಂತಳು.

ಹಾಗಾದರೆ ಡೊಂಕು ನಿಜವಾಗಿಯೂ ನೆಲದ್ದೇ. ಅವಳು ಮೈದುನನನ್ನು ಕರೆಸಿದಳು. ಅವನು ಸಭೆ ಸಮಾರಂಭಗಳಿಗೆ ಧ್ವನಿವರ್ಧಕ ಬಾಡಿಗೆಗೆ ಕೊಡುವವನು. ಸದ್ದು ಕಡಿಮೆ ಎನ್ನುವ ದೂರು ಅವನ ಜನ್ಮದಲ್ಲಿ ಬಂದಿರಲಿಲ್ಲ.

"ಇದಕ್ಕೆಲ್ಲ ಯಾಕೆ ಯೋಚ್ನೆ ಅತ್ತಿಗೆ, ನಾನಿಲ್ವಾ" ಎಂದು ಹೋದವನು ಗಾಡಿಯಲ್ಲಿ ಟ್ರಂಕಿನಷ್ಟು ದೊಡ್ಡ ಆಂಪ್ಲಿಫೈಯರ್ ಹೇರಿಕೊಂಡು ಬಂದ. ಅದು ಟೈಲರನ ಮೇಜನ್ನು ಮುಕ್ಕಾಲು ಪಾಲು ನುಂಗಿತು. ಸ್ವಿಚ್ಚು ಹಾಕಿದ ಕೂಡಲೇ ಒಳಗೊಂದು ಫ್ಯಾನು ಭರ್ರೆಂದಿತು, ಹೆಡ್‌ಫೋನಿನೊಳಗೆ ಜೇನುಗೂಡೇ ಎದ್ದ ಹಾಗೆ ಗುಂಯ್ ಎಂದಿತು. ದನಿ ಜೋರಾಗಿತ್ತು, ನಿಜ. ಆದರೆ ಆ ಗುಂಯ್‌ಗುಟ್ಟುವಿಕೆಯಲ್ಲಿ ಟರ್ ಟರ್ ಹುಡುಕುವುದು ಸಂತೆಯಲ್ಲಿ ಸೂಜಿ ಹುಡುಕಿದ ಹಾಗೆ.

"ಮೂಗಿಗಿಂತ ಮೂಗುತಿ ಭಾರ ಆಯ್ತಲ್ಲೋ," ಎಂದ ಟೈಲರ್. "ಮೊದ್ಲು ನನ್ನ ಮೇಜು ಬಿಡಿಸಿಕೊಡು, ಕೋಟು ಕತ್ತರಿಸ್ಬೇಕು."

ಮೈದುನ ಸೋಲೊಪ್ಪುವವನಲ್ಲ. ಮರುದಿನ ಒಂದು ಸೌಂಡ್ ಕಾರ್ಡ್ ತಂದು ಕಂಪ್ಯೂಟರಿನ ಹೊಟ್ಟೆ ಬಿಚ್ಚಿ ಒಳಗೆ ಕೂರಿಸಿದ. ಈ ಸಲ ದನಿ ಬಾವಿಯಿಂದ ಅರ್ಧ ಮೇಲೆ ಬಂದಿತ್ತು. ಆದರೆ ಮೌಸ್ ಸರಿಸಿದಾಗೆಲ್ಲ ಕಿವಿಯಲ್ಲಿ ಕೀಂಯ್ ಎನ್ನುವ ಎಳೆಯೊಂದು ಓಡಾಡುತ್ತಿತ್ತು. ಎಡಕ್ಕೆ ಸರಿಸಿದರೆ ಕೀಂಯ್, ಬಲಕ್ಕೆ ಸರಿಸಿದರೆ ಕೀಂಯ್.

"ಇಲಿ ಅಂತ ಹೆಸರಿಟ್ಟಿದ್ದಕ್ಕೆ ಸರಿಯಾಗಿ ಕೂಗ್ತಿದೆ ಕಣೋ," ಎಂದಳು ಮೈಕಮ್ಮ. "ನಡಿ, ತಿಳಿದವರನ್ನೇ ಕೇಳೋಣ."

ಪೇಟೆಯ ಕಿರುದಾರಿಯೊಂದರಲ್ಲಿ, ಕಡಿದಾದ ಮೆಟ್ಟಿಲ ಮೇಲೆ ಆಡಿಯೋ ಸಾಮಾನಿನ ಅಂಗಡಿಯೊಂದಿತ್ತು. ನಡೆಸುತ್ತಿದ್ದವಳು ಕನ್ನಡಕ ಹಣೆಗೇರಿಸಿಕೊಂಡ ನಡುವಯಸ್ಸಿನ ಹೆಂಗಸು. ಮೈಕಮ್ಮ ಹೆಡ್‌ಫೋನನ್ನೂ ತನ್ನ ಓದು ತುಂಬಿದ ಪೆನ್ ಡ್ರೈವನ್ನೂ ಅವಳ ಮುಂದಿಟ್ಟು, ನಡೆದದ್ದನ್ನೆಲ್ಲ ಹೇಳಿದಳು. ಅಂಗಡಿಯಾಕೆ ಕನ್ನಡಕ ಇಳಿಸಿ ಹೆಡ್‌ಫೋನಿನ ಅಂಚನ್ನು ಬೆಳಕಿಗೆ ಹಿಡಿದಳು.

"ಇಲ್ಲಿ ನೋಡಿ ಅಮ್ಮ, ಇನ್ನೂರೈವತ್ತು ಓಮ್ ಅಂತಿದೆ. ಫೋನಿಗೆ ಹಾಕೋ ಸಾದಾ ಹೆಡ್‌ಫೋನೆಲ್ಲ ಮೂವತ್ತರ ಆಸುಪಾಸು ಇರತ್ತೆ. ಸಾಮಾನ್ಯವಾಗಿ ಈ ಸಂಖ್ಯೆ ಏರಿದ ಹಾಗೆ ಜೋರಾಗಿ ತಳ್ಳೋ ಆಂಪ್ಲಿಫೈಯರ್ ಬೇಕು. ನಿಮ್ಮ ಕಂಪ್ಯೂಟರಿಗೆ ಅಷ್ಟು ದಮ್ಮಿಲ್ಲ."

"ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಅನ್ನಿ."

"ಅಷ್ಟೇ. ಹೆಡ್‌ಫೋನೂ ಕೆಟ್ಟಿಲ್ಲ, ಕಂಪ್ಯೂಟರೂ ಕೆಟ್ಟಿಲ್ಲ. ಜೋಡಿ ಕೂಡಿಲ್ಲ."

"ಹಾಗಾದ್ರೆ ಇರೋದ್ರಲ್ಲಿ ದೊಡ್ಡದನ್ನೇ ಕೊಟ್ಬಿಡಿ" ಎಂದ ಮೈದುನ.

"ದೊಡ್ಡದಲ್ಲ ಸಾರ್, ತಕ್ಕದ್ದು" ಎಂದು ನಕ್ಕಳು ಆಕೆ. "ಕಂಪ್ಯೂಟರಿನ ಒಳಗೆ ಕರೆಂಟಿನ ಗಲಾಟೆ ಜಾಸ್ತಿ. ಕಾರ್ಡು ಅಲ್ಲೇ ಕೂತ್ರೆ ಆ ಗಲಾಟೇನೂ ದನಿ ಜತೆ ಸೇರಿಕೊಳ್ಳತ್ತೆ. ನಿಮಗೆ ಬೇಕಾಗಿರೋದು ಹೊರಗಿಡೋ ಪೆಟ್ಟಿಗೆ. ಕಂಪ್ಯೂಟರಿಂದ ವಯರಿನಲ್ಲಿ ದನಿ ಬರಲ್ಲ, ಬರೀ ಅಂಕಿ ಬರತ್ತೆ, ಅದನ್ನ ದನಿ ಮಾಡೋದು, ಎತ್ತಿ ತಳ್ಳೋದು ಎರಡೂ ಪೆಟ್ಟಿಗೇದೇ ಕೆಲ್ಸ. ಯಾವ್ದು ಅಂತ ನಿಮ್ಮ ಕಿವೀನೇ ಹೇಳ್ಲಿ, ಕೂತ್ಕೊಳ್ಳಿ."

ಮೊದಲನೆಯ ಪೆಟ್ಟಿಗೆ ಥಳಥಳ ಹೊಳೆಯುತ್ತಿತ್ತು, ಎದುರಿಗೆ ನೀಲಿ ದೀಪ. ಅದರಲ್ಲಿ ತನ್ನ ದನಿ ಕೇಳಿ ಮೈಕಮ್ಮನಿಗೆ ಮುಜುಗರವಾಯಿತು. ಬೆಲ್ಲದ ಪಾಕದಲ್ಲಿ ಅದ್ದಿ ತೆಗೆದಂತೆ ದಪ್ಪವಾಗಿ, ಮಧುರವಾಗಿ, ಯಾವ ಕಾಲಕ್ಕೂ ತನ್ನದಲ್ಲದ ದನಿ. ಮೈದುನನೂ ಕೇಳಿ, "ಸೂಪರ್ ಅತ್ತಿಗೆ, ಇದೇ ಇರ್ಲಿ" ಎಂದ.

"ಬೇಡಪ್ಪ. ಇದು ಹೊಗಳುಭಟ್ಟ. ನನ್ನ ತಪ್ಪು ಹೇಳೋದು ಬೇಕು ನನಗೆ."

ಅಂಗಡಿಯಾಕೆ ಅವಳನ್ನೊಮ್ಮೆ ಮೆಚ್ಚುಗೆಯಿಂದ ನೋಡಿ, ಕಪಾಟಿನ ಕೆಳಸಾಲಿನಿಂದ ಬೂದುಬಣ್ಣದ ಪುಟ್ಟ ಪೆಟ್ಟಿಗೆಯೊಂದನ್ನು ತೆಗೆದಳು. ಸಾಬೂನಿನ ಪೆಟ್ಟಿಗೆಯಷ್ಟೇ ಇತ್ತು. ಮುಂದೆ ಒಂದು ಗುಂಡಿ, ಪಕ್ಕದಲ್ಲಿ ತಳ್ಳುವ ಬಲ ಹೆಚ್ಚು ಕಡಿಮೆ ಮಾಡಲು ಮೇಲೆ ಕೆಳಗೆ ಸರಿಯುವ ಚಿಕ್ಕ ಸ್ವಿಚ್ಚು. ಮೈಕಮ್ಮ ಗುಂಡಿ ತಿರುಗಿಸಿದಳು.

ಬಾವಿ ಮಾಯವಾಯಿತು. ಅವಳೇ ಅವಳೆದುರು ಕೂತು ಓದುತ್ತಿದ್ದಳು. ಪುಟ ಮಗುಚಿದ ಸದ್ದು, ಎಂಜಲು ನುಂಗಿದ ಸದ್ದು, ಕುರ್ಚಿಯ ಕೀರಲು, ಎಲ್ಲ ಅದರದರ ಜಾಗದಲ್ಲಿತ್ತು. ಇವೆಲ್ಲದರ ಹಿಂದೆ, ಸ್ವಲ್ಪ ದೂರದಲ್ಲಿ, ಟರ್ ಟರ್ ಟರ್.

ಹೊಲಿಗೆ ಯಂತ್ರ. ಸಂಸಾರ ಹೂಡಿದಂದಿನಿಂದ ಕೇಳಿ ಕೇಳಿ ಅದೊಂದು ಸದ್ದೆಂಬುದೇ ಅವಳಿಗೆ ಮರೆತುಹೋಗಿತ್ತು. ನಗು ಬಂತು. ಇಷ್ಟಕ್ಕೇ ಎದ್ದುಬಿಡಬಹುದಿತ್ತು, ಆದರೆ ದನಿ ಅಷ್ಟು ತಿಳಿಯಾಗಿದ್ದುದರಿಂದ ಕೇಳುತ್ತಲೇ ಕೂತಳು. ಕತೆಯಲ್ಲಿ ಬಿರುಗಾಳಿ ಎದ್ದಿತು. ಅಡುಗೆಯವನು ಕಂಬ ತಬ್ಬಿಕೊಂಡು ಕಣ್ಣು ಮುಚ್ಚಿದ. ಹೊಲಿಗೆ ಯಂತ್ರ ನಿಂತಿತು. ಅಲೆ ಇಳಿಯಿತು, ಯಂತ್ರ ಮತ್ತೆ ಶುರುವಾಯಿತು. ದಾರ ಬದಲಿಸಿರಬೇಕೆಂದುಕೊಂಡಳು. ಮುಂದೆ ಹಡಗಿನಲ್ಲಿ ಕಳ್ಳ ಅಡಗಿರುವ ಸುಳಿವು ಸಿಗುವಲ್ಲಿ ಮತ್ತೆ ನಿಂತಿತು. ಈ ಸಲ ಸ್ಟೂಲು ಸರಿದ ಸದ್ದು, ಮೆಲ್ಲನೆ ಚಪ್ಪಲಿ ಎಳೆದ ಸದ್ದು, ಪರದೆಯ ಹತ್ತಿರ ಯಾರದೋ ಉಸಿರು. ಕಪ್ತಾನನ ಟೋಪಿ ಹೋಗಿ ಸಾರಿನ ಪಾತ್ರೆಗೆ ಬಿದ್ದಾಗ ಆ ಉಸಿರು ತಡೆಯಲಾರದೆ ಕಿಸಕ್ಕೆಂದಿತು.

ಮೈಕಮ್ಮ ಹೆಡ್‌ಫೋನನ್ನು ಎರಡೂ ಕೈಯಿಂದ ಒತ್ತಿಹಿಡಿದಳು. ಕಿಸಕ್ಕೆಂದವನು ಬಾಯಿಗೆ ಬಟ್ಟೆ ಒತ್ತಿಕೊಂಡು ಕೆಮ್ಮಿದ್ದೂ ಕೇಳಿಸಿತು.

"ಏನಾಯ್ತು ಅತ್ತಿಗೆ, ಅಳ್ತಿದೀರಾ?"

"ಇಲ್ವೋ, ನಗ್ತಿದೀನಿ" ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. "ಇದೇ ಇರ್ಲಿ ಅಮ್ಮ. ಇದನ್ನೇ ಕಟ್ಟಿಕೊಡಿ."

ಮನೆಗೆ ಬಂದು ಪೆಟ್ಟಿಗೆ ಜೋಡಿಸಿ, ಗಂಡನನ್ನು ಕರೆದಳು. "ರೀ, ನಾನು ಓದೋ ಕತೆ ಹೇಗಿದೆ?"

"ನನಗೇನು ಗೊತ್ತು? ಕೇಳ್ತಾ ಕೂರೋಕೆ ಪುರುಸೊತ್ತೆಲ್ಲಿದೆ?"

ಅವಳು ಅವನ ತಲೆಗೆ ಹೆಡ್‌ಫೋನ್ ತೊಡಿಸಿದಳು. ಟೈಲರ್ ಮೊದಲು ಗಂಭೀರವಾಗಿ ಕೇಳಿದ. ಆಮೇಲೆ ಹುಬ್ಬು ಮೇಲೇರಿತು. ಟೋಪಿ ಸಾರಿಗೆ ಬೀಳುವ ಜಾಗಕ್ಕೆ ಬಂದಾಗ ಕಿವಿಯ ತುದಿಯವರೆಗೂ ಕೆಂಪಾದ.

"ಅದು ನಾನಲ್ಲ," ಎಂದ.

"ಮತ್ಯಾರು, ಕಳ್ಳನೇ?"

ಅವನು ಹೆಡ್‌ಫೋನ್ ತೆಗೆಯಲಿಲ್ಲ. "ನಿಲ್ದಾಣದ ಹಿಂದಿನ ಬೀದೀಲಿ ದಾರದ ಅಂಗಡಿ ಇದೆಯಲ್ಲ," ಎಂದ. "ಊರಲ್ಲಿ ಬೇಕಾದಷ್ಟು ದಾರದಂಗಡಿ ಇದ್ರೂ ನಾನು ಅಲ್ಲಿಗೇ ಹೋಗ್ತಿದ್ದೆ. ನಿನ್ನ ಕೂಗು ಕೇಳ್ತಿತ್ತು ಅಲ್ಲಿಗೆ. ಹೇಳಿದ್ರೆ ತಲೆ ಮೇಲೆ ಕೂರ್ತೀಯ ಅಂತ ಹೇಳಲಿಲ್ಲ."

ಮೈಕಮ್ಮ ಅವನ ಅಂಗಿಗೆ ಅಂಟಿದ್ದ ದಾರದ ತುಣುಕುಗಳನ್ನು ಒಂದೊಂದಾಗಿ ಆಯ್ದು ತೆಗೆಯತೊಡಗಿದಳು.

ಅಂದಿನಿಂದ ಓದುವ ಹೊತ್ತಿಗೆ ಯಂತ್ರ ನಿಲ್ಲತೊಡಗಿತು. ಅವಳು ಹಳೆಯ ಅಧ್ಯಾಯಗಳನ್ನು ಮತ್ತೆ ಓದಿಕೊಟ್ಟಳು, ಗ್ರಂಥಾಲಯದವರು ಈ ಸಲ ಚಕಾರವೆತ್ತದೆ ತೆಗೆದುಕೊಂಡರು. ಟೈಲರ್ ಪರದೆಯೀಚೆ ಬಂದು, ಗುಂಡಿ ಹೊಲಿಯುವಂಥ ಸದ್ದಿಲ್ಲದ ಕೆಲಸ ಹಿಡಿದು ಕೂರುತ್ತಿದ್ದ. ಓದು ಮುಗಿದ ಮೇಲೆ ಒಂದೇ ಪೆಟ್ಟಿಗೆಯಲ್ಲಿ ಸರದಿಯ ಮೇಲೆ ಕೇಳುತ್ತಿದ್ದರು. ಆ ಹೆಡ್‌ಫೋನ್ ಅವನ ತಲೆಗೆ ಭಾರ. ಅವನದು ಫೋನಿನ ಜೊತೆ ಬಂದಿದ್ದ ತೆಳ್ಳನೆಯ ಇಯರ್‌ಫೋನ್. ಮೊದಲ ಸಲ ಅದನ್ನು ಹಾಗೇ ಸಿಕ್ಕಿಸಿ, ಬೆಚ್ಚಿಬಿದ್ದು ಕಿತ್ತೆಸೆದ.

"ಗುಬ್ಬಿ ಮೇಲೆ ಬ್ರಹ್ಮಾಸ್ತ್ರ ಬಿಟ್ರೆ ಇನ್ನೇನಾಗತ್ತೆ," ಎಂದು ಅವಳು ಚಿಕ್ಕ ಸ್ವಿಚ್ಚನ್ನು ಕೆಳಕ್ಕೆ ಸರಿಸಿದಳು. "ನನ್ನದಕ್ಕೆ ಮೇಲೆ, ನಿಮ್ಮದಕ್ಕೆ ಕೆಳಗೆ. ನೆನಪಿಟ್ಕೊಳ್ಳಿ."

ಮೈದುನ ಕೂಡ ಆಗಾಗ ಬಂದು ಕೂರತೊಡಗಿದ. ಅವನಿಗೆ ಪಿಸುಮಾತು ಬರುತ್ತಿರಲಿಲ್ಲವಾದ್ದರಿಂದ ಓದು ಮುಗಿಯುವವರೆಗೆ ಬಾಯಿ ತೆರೆಯಕೂಡದೆಂದು ಅಣ್ಣ ಕಟ್ಟಪ್ಪಣೆ ಮಾಡಿದ್ದ. ಹಡಗಿನ ಪುಸ್ತಕ ಮುಗಿದಾಗ ಗ್ರಂಥಾಲಯದಾಕೆ ಇನ್ನೂ ದಪ್ಪನೆಯದೊಂದನ್ನು ಕಳಿಸಿದರು. ಟೈಲರ್ ಅದನ್ನು ಕೈಯಲ್ಲಿ ತೂಗಿ ನೋಡಿ, ಹಿಂದಿನ ಪುಟಗಳತ್ತ ಬೆರಳು ಹಾಕಿದ.

"ಕೊನೆ ನೋಡಬಾರ್ದು," ಎಂದು ಅವಳು ಪುಸ್ತಕ ಕಿತ್ತುಕೊಂಡಳು. "ಕೂತ್ಕೊಳ್ಳಿ, ಮೊದಲಿಂದ ಓದ್ತೀನಿ."

ಅವನು ಸೂಜಿಗೆ ದಾರ ಪೋಣಿಸಿಕೊಂಡು ಕೂತ.