ಸುಮತಿಯ ಎತ್ತರ

ನಮ್ಮ ಕರಾವಳಿಯಲ್ಲಿ ಒಂದು ಕಾಲಕ್ಕೆ ಕೆಟ್ಟದ್ದೆಲ್ಲ ಬೊಂಬಾಯಿಯಲ್ಲಿಯೇ ನಡೆಯುತ್ತಿತ್ತು. ಉಡುಪಿಯಲ್ಲಿ ಒಬ್ಬ ಸಂಭಾವಿತ ಕುಡಿದು ಬಿದ್ದರೆ ಅವನು ಕುಡಿಯಲು ಕಲಿತದ್ದು ಬೊಂಬಾಯಿಯಲ್ಲಿ. ಕಾರ್ಕಳದಲ್ಲೊಬ್ಬಳು ಗಂಡನಿಗೆ ಎದುರು ಮಾತನಾಡಿದರೆ ಅವಳ ತಾಯಿಯ ಕಡೆಯವರು ಬೊಂಬಾಯಿಯವರು. ಆ ಮಹಾನಗರಕ್ಕೆ ನಾವು ನಮ್ಮ ಹುಡುಗರನ್ನು ಕಳಿಸಿದ್ದಕ್ಕಿಂತ ಹೆಚ್ಚಾಗಿ ನಮ್ಮ ದೋಷಗಳನ್ನು ಕಳಿಸಿಕೊಟ್ಟಿದ್ದೇವೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಈ ಅಭಿಪ್ರಾಯ ಹುಟ್ಟಿದ್ದು ಎಂಬತ್ತರ ದಶಕದ ಆರಂಭದಲ್ಲಿ, ಉಡುಪಿಯ ಒಂದು ವಾರಪತ್ರಿಕೆಯ ಕಚೇರಿಯಲ್ಲಿ, ಕೈಯಿಲ್ಲದ ಕುರ್ಚಿಯೊಂದರ ಮೇಲೆ ನಾನು ಕುಳಿತಿದ್ದಾಗ. ಕೈಯಿದ್ದ ಕುರ್ಚಿ ಪಕ್ಕದಲ್ಲೇ ಖಾಲಿಯಿತ್ತು. ಅದನ್ನು ನನಗೆ ತೋರಿಸಲಿಲ್ಲ. ನಾನು ಮರೆತಿಲ್ಲ.

ಕಾರ್ಕಳದ ಶಾಲೆಯೊಂದರಲ್ಲಿ ಕನ್ನಡ ಪಂಡಿತನಾಗಿ ದುಡಿದು, ನಿವೃತ್ತನಾಗಿ, ಪರ್ಕಳದಲ್ಲಿ ನೆಲೆಸಿದ್ದ ನಾನು ಹೈಸ್ಕೂಲು ಮಕ್ಕಳಿಗಾಗಿ ಒಂದು ಧಾರಾವಾಹಿ ಬರೆದು ಒಯ್ದಿದ್ದೆ. ಆ ವಯಸ್ಸಿನವರಿಗೆಂದು ಆಗ ಬರುತ್ತಿದ್ದ ಕಾದಂಬರಿಗಳ ತುಂಬ ಕಳ್ಳಸಾಗಣೆಗಾರರನ್ನು ಹಿಡಿಯುವ ಜಾಣ ಹುಡುಗರು. ತಾಯಿ ಎಂಬವಳು ಮೊದಲ ಅಧ್ಯಾಯದಲ್ಲಿ ದೋಸೆ ಹೊಯ್ದು, ಕೊನೆಯ ಅಧ್ಯಾಯದಲ್ಲಿ ಸೆರಗಿನಿಂದ ಕಣ್ಣೊರೆಸಿಕೊಂಡರೆ ಅವಳ ಕರ್ತವ್ಯ ಮುಗಿಯಿತು. ನನ್ನ ಕಥೆಯಲ್ಲಾದರೋ ಕಷ್ಟದಲ್ಲಿದ್ದವಳು ತಾಯಿಯೇ. ಹೆಸರು ಸುಮತಿ, ವಯಸ್ಸು ಮೂವತ್ತರ ಆಸುಪಾಸು. ಎರಡನೆಯ ಹೆರಿಗೆಯಾದ ಮೇಲೆ ನೋವಿಗೆಂದು ಕೊಟ್ಟ ಮಾತ್ರೆ, ನೋವು ಹೋದರೂ ಹೋಗದೆ ಅವಳಲ್ಲಿ ಬಿಡಾರ ಹೂಡುತ್ತದೆ. ಹಗಲಲ್ಲೇ ತೂಕಡಿಸುವ ತಾಯಿ, ಹಾಲಿಗೆ ಅಳುವ ಕೂಸು, ಇಬ್ಬರನ್ನೂ ಸುಧಾರಿಸಿ ಶಾಲೆಗೆ ತಡವಾಗಿ ಬರುವ ಎಂಟನೆಯ ತರಗತಿಯ ಮಗಳು. ಕಥೆ ಹೇಳುವವಳು ಆ ಮಗಳು.

ಸಂಪಾದಕರು ಓದಿ, ಕನ್ನಡಕ ತೆಗೆದು, "ಎಂತ ಮಾಸ್ಟ್ರೇ, ನಮ್ಮ ಊರಿನ ತಾಯಂದಿರು ಹೀಗೆಲ್ಲ ಮಾಡ್ತಾರಾ? ಇವಳನ್ನು ಬೊಂಬಾಯಿಗೆ ಹಾಕಿ ಮಾರಾಯ್ರೆ. ಅಲ್ಲಿ ಎಂತ ಬೇಕಾದ್ರೂ ಆಗ್ತದೆ" ಎಂದರು.

ಸುಮತಿ ಪರ್ಕಳದವಳು, ಬೊಂಬಾಯಿಯನ್ನು ಕಂಡವಳಲ್ಲ, ಕಾಣುವ ಉದ್ದೇಶವೂ ಅವಳಿಗಿಲ್ಲ ಎಂದು ನಾನು ತಿಳಿಸಿದೆ. ಆ ವಾರ ಅಚ್ಚಿಗೆ ಬೇರೇನೂ ಇಲ್ಲದ್ದರಿಂದ ನನ್ನ ಸಾಹಿತ್ಯ ಬೆಳಕು ಕಂಡಿತು.

ನಮ್ಮ ಜನರಿಗೆ ಯಾರ ಪರಿಚಯವಾದರೂ ಮೊದಲು ತಿಳಿಯಬೇಕಾದದ್ದು ಅವರ ಮನೆ. ಕಲ್ಪನೆಯ ಹೆಣ್ಣಾದರೂ ಮನೆಯಿಲ್ಲದೆ ಓಡಾಡುವಂತಿಲ್ಲ. ಉಡುಪಿಯ ಹೋಟೆಲಿನಲ್ಲಿ ನಾನು ಬನ್ಸಿಗೆ ಕೈಹಾಕುವಷ್ಟರಲ್ಲಿ ಅಪರಿಚಿತರು ಬಂದು, "ಆ ಸುಮತಿ ಯಾವ ಮನೆಯವಳು? ನಮಗೆ ಮಾತ್ರ ಹೇಳಿ" ಎಂದು ಪಿಸುಗುಟ್ಟುತ್ತಿದ್ದರು. ಕಾಪುವಿನಲ್ಲಿದ್ದ ನನ್ನ ಅತ್ತಿಗೆಯಂತೂ ವಿಚಾರಣೆಗೆ ಹೋಗದೆ ನೇರವಾಗಿ ಚಿಕಿತ್ಸೆಗೆ ಇಳಿದರು. ಸುಮತಿಗೆಂದು ಕಷಾಯದ ಪುಡಿ ಕಟ್ಟಿಕೊಂಡು ಸ್ವತಃ ಬಂದರು.

"ಕಥೆಯವಳಿಗೆ ಇದನ್ನು ಕುಡಿಸುವುದು ಹೇಗೆ ಅತ್ತಿಗೆ?"

"ಬರೆಯುವುದು ನೀವಲ್ವಾ? ಕುಡಿದಳು ಅಂತ ಬರೆಯಿರಿ. ಅದಕ್ಕೆಂತ ಕಷ್ಟ?"

ಇಷ್ಟೆಲ್ಲ ಬಂಧುಬಳಗ ಸುಮತಿಗೆ ಒದಗಿರುವಾಗ ಸಂಪಾದಕರು ಮತ್ತೆ ಕರೆಸಿದರು. "ಪರೀಕ್ಷೆ ಹತ್ತಿರ ಬಂತು ಮಾಸ್ಟ್ರೇ. ಅವಳನ್ನು ಒಮ್ಮೆ ಸಾಯಿಸಿ ಬಿಡಿ. ಮಕ್ಕಳಿಗೆ ನೀತಿಯೂ ಆಯ್ತು, ನಮಗೆ ಪುಟವೂ ಸಿಕ್ಕಿತು." ನಾನು ಕೂಡಲೇ ಸಿಡಿದೇಳಬೇಕಿತ್ತು. ಏಳಲಿಲ್ಲ. ಹಳಗನ್ನಡ ಓದಿದವನಿಗೆ ಒಂದು ಸಾವಿನ ಸನ್ನಿವೇಶ ಸಿಕ್ಕುವುದೆಂದರೆ ಊಟದ ಕೊನೆಗೆ ಪಾಯಸ ಬಂದಂತೆ. ಶೋಕದ ಎರಡು ಪುಟಗಳು ಮನಸ್ಸಿನಲ್ಲಿ ಆಗಲೇ ಕುದಿಯತೊಡಗಿದ್ದವು.

ಆ ವಾರವೇ ಗ್ರೇಸಿ ಬಾಯಿ ಮಹಡಿ ಹತ್ತಿ ಬಂದಳು. ನಮ್ಮ ಮನೆಯ ಕೆಳಭಾಗದಲ್ಲಿ ಬಾಡಿಗೆಗಿದ್ದವಳು; ತವರು ಸಂತೆಕಟ್ಟೆ, ಗಂಡ ಕುವೈತಿನಲ್ಲಿ, ಸೊಂಟದಲ್ಲಿ ವರ್ಷ ತುಂಬದ ಗಂಡುಕೂಸು. ನನಗೆ ಬರುತ್ತಿದ್ದ ಗೌರವ ಪ್ರತಿಯನ್ನು ಪ್ರತಿವಾರ ನನಗಿಂತ ಮೊದಲು ಓದುತ್ತಿದ್ದವಳು ಅವಳೇ. ಅದನ್ನೂ ನಾನು ಮರೆತಿಲ್ಲ.

"ಮಾಸ್ಟ್ರೇ, ಸುಮತಿಯ ಎತ್ತರ ಎಷ್ಟು?"

ನಾನು ತಬ್ಬಿಬ್ಬಾದೆ. ನಮ್ಮ ಹಳೆಯ ಕವಿಗಳು ನಾಯಿಕೆಯನ್ನು ಕಾಲುಗುರಿನಿಂದ ಹಿಡಿದು ಮುಡಿಯವರೆಗೆ ವರ್ಣಿಸಿದ್ದಾರೆ. ಕಣ್ಣಿಗೆ ಕಮಲ ಸಾಲದೆ ಮೀನನ್ನೂ, ಮೀನು ಸಾಲದೆ ಜಿಂಕೆಯನ್ನೂ ಕರೆತಂದಿದ್ದಾರೆ. ಆದರೆ ಇಷ್ಟು ಅಡಿ ಇಷ್ಟು ಅಂಗುಲವೆಂದು ಅಳೆದು ಹೇಳಿದ ಒಬ್ಬ ಮಹಾನುಭಾವನನ್ನು ನಾನು ಓದಿಲ್ಲ. ನಾನೂ ಬರೆದಿರಲಿಲ್ಲ. ಯಾಕೆ ಬೇಕೆಂದು ಕೇಳಿದೆ.

"ಕಾರ್ಕಳದ ಇಗರ್ಜಿಗೆ ಹರಕೆ ಹೇಳಿದ್ದೇನೆ. ಅವಳಿಗೆ ಗುಣ ಆದ್ರೆ ಅವಳಷ್ಟೇ ಎತ್ತರದ ಮೇಣದ ಬತ್ತಿ ಇಡ್ತೇನೆ ಅಂತ. ಬತ್ತಿ ಮಾಡುವವನಿಗೆ ಅಳತೆ ಕೊಡ್ಬೇಕಲ್ವಾ?"

"ಕಥೆಯವಳಿಗೆ ಯಾರಾದರೂ ಹರಕೆ ಹೇಳುವುದುಂಟಾ ಗ್ರೇಸಿ ಬಾಯಿ?"

"ನಿಮಗೆ ಗೊತ್ತಿಲ್ಲದಿದ್ರೆ ಬೇಡ. ನನ್ನಷ್ಟೇ ಅಂತ ಇಟ್ಕೊಳ್ತೇನೆ." ಅವಳು ಕೂಸಿನ ಕೂದಲು ಸರಿಪಡಿಸುತ್ತ, ನನ್ನ ಮುಖ ನೋಡದೆ, "ಸಾಯಿಸ್ತೀರಾ ಅವಳನ್ನು?" ಎಂದಳು.

ಬೆಳಗ್ಗೆ ಬಹಳ ಹೊತ್ತಿನವರೆಗೆ ತೆರೆಯದ ಕೆಳಗಿನ ಬಾಗಿಲು, ಎಷ್ಟು ಹೊತ್ತಾದರೂ ಯಾರೂ ನಿಲ್ಲಿಸದ ಕೂಸಿನ ಅಳು, ಎಲ್ಲ ಒಂದರ ಬದಿಗೊಂದು ಬಂದು ನಿಂತವು. ನಾನು ಕಲ್ಪಿಸಿದ್ದೆನೆಂದು ಬೀಗಿದ್ದ ಮಾತ್ರೆಗಳು ನನ್ನ ಮಹಡಿಯ ಕೆಳಗಿನ ಮನೆಯಲ್ಲೇ ಇದ್ದವು.

"ಇಲ್ಲ" ಎಂದೆ.

ಮರುದಿನ ಉಡುಪಿಗೆ ಹೋಗಿ, ಯಾರೂ ಹೇಳದೆಯೇ ಕೈಯಿದ್ದ ಕುರ್ಚಿಯಲ್ಲಿ ಕುಳಿತು, ಸುಮತಿ ಸಾಯುವುದಿಲ್ಲವೆಂದೂ ಅವಳಿಗೆ ಇನ್ನಷ್ಟು ವಾರಗಳು ಬೇಕೆಂದೂ ಹೇಳಿದೆ. "ಅವಳು ನಿಮಗೆ ಎಂತ ಆಗ್ಬೇಕು ಮಾರಾಯ್ರೆ?" ಎಂದು ಸಂಪಾದಕರು ನಕ್ಕರು. ಆ ನಗುವಿಗೂ ನನ್ನಲ್ಲಿ ಲೆಕ್ಕವಿದೆ.

ಸುಮತಿಯನ್ನು ಮಣಿಪಾಲದ ಡಾಕ್ಟರರ ಬಳಿಗೆ ಕಳಿಸಿದೆ. ಅವರು ಏನು ಹೇಳಿಯಾರೆಂದು ತಪ್ಪಿಲ್ಲದೆ ಬರೆಯಬೇಕಲ್ಲ? ಪರಿಚಯದ ವೈದ್ಯರೊಬ್ಬರನ್ನು ಪೀಡಿಸಿ ಕೇಳಿ ಬಂದೆ. ಅಧ್ಯಾಯ ಅಚ್ಚಾದ ಮೇಲೆ ಗ್ರೇಸಿ ಬಂದು, ಸುಮತಿಯ ಡಾಕ್ಟರು ಯಾವ ದಿನ ಸಿಗುತ್ತಾರೆಂದು ವಿಚಾರಿಸಿದಳು. ಸುಮತಿಯ ವಿಷಯವನ್ನೇ ಹೇಳುವವನಂತೆ ನಾನು ದಿನವನ್ನೂ ಕೋಣೆಯನ್ನೂ ತಿಳಿಸಿದೆ. ಗ್ರೇಸಿ ಮಣಿಪಾಲಕ್ಕೆ ಹೋದ ದಿನಗಳಲ್ಲಿ ನನ್ನ ಹೆಂಡತಿ ಏನೂ ಕೇಳದೆ ಕೂಸನ್ನು ಎತ್ತಿಕೊಳ್ಳುತ್ತಿದ್ದಳು. ನನ್ನೊಡನೆ ಮದುವೆಯಾದಂದಿನಿಂದ ಆಕೆ ಏನೂ ಕೇಳದೆ ಮಾಡಿದ ಕೆಲಸ ಅದೊಂದೇ.

ಗುಣವಾಗುತ್ತಿದ್ದ ಸುಮತಿ ಒಂದು ವಾರ ಮತ್ತೆ ಮಾತ್ರೆಗೆ ಕೈಹಾಕಿದಳು. ಗ್ರೇಸಿ ಸಿಟ್ಟಿನಿಂದ ಮಹಡಿ ಹತ್ತಿದಳು.

"ಎಂತಕ್ಕೆ ಬೀಳಿಸಿದ್ದು ಅವಳನ್ನು?"

"ಬೀಳುವುದುಂಟು ಅಂತ ಡಾಕ್ಟರು ಹೇಳಿದರು."

ಅವಳು ಕೂಸನ್ನು ಸೊಂಟದ ಇನ್ನೊಂದು ಬದಿಗೆ ಸರಿಸಿ, "ಹೌದು, ಉಂಟು. ಆದ್ರೆ ಬೇಗ ಏಳಿಸಿ ಮಾಸ್ಟ್ರೇ. ಒಂದು ವಾರ ಇಡೀ ಅಲ್ಲೇ ಬಿಟ್ರೆ ಹೇಗೆ?" ಎಂದಳು. ಧಾರಾವಾಹಿ ಎಂಬ ಪ್ರಕಾರದ ಮೇಲೆ ಇದಕ್ಕಿಂತ ತೀಕ್ಷ್ಣವಾದ ವಿಮರ್ಶೆಯನ್ನು ನಾನು ಈವರೆಗೆ ಕೇಳಿಲ್ಲ.

ಬೇಸಗೆಯಲ್ಲಿ ಕಥೆ ಮುಗಿಯಿತು, ಸುಮತಿ ಪೂರ್ಣ ಗುಣಮುಖಳಾದಳು. ಕಾಪುವಿನ ಅತ್ತಿಗೆ ಅದನ್ನು ಕಷಾಯದ ಮಹಿಮೆ ಎಂದು ಘೋಷಿಸಿದರು. ಹರಕೆ ಮಾತ್ರ ಸಂದಾಯವಾಗಲಿಲ್ಲ. ನನ್ನ ಕೃತಿಯ ಮುಕ್ತಾಯವನ್ನು ಹೀಗೆ ಅಲಕ್ಷಿಸಿದ್ದು ಸರಿಯೇ ಎಂದು ನಾನೇ ಮೆಟ್ಟಿಲಿಳಿದು ಹೋಗಿ ಕೇಳಿದೆ.

"ನೀವು ಬರೆದು ಮುಗಿಸಿದಿರಿ. ಅವಳಿಗೆ ಮುಗೀಲಿಲ್ಲ ಮಾಸ್ಟ್ರೇ" ಎಂದಳು ಗ್ರೇಸಿ.

ಮಳೆಗಾಲ ಕಳೆದು, ಚಳಿ ಬಂದು ಹೋಗುವ ಹೊತ್ತಿಗೆ ಒಂದು ಬೆಳಗ್ಗೆ ಅವಳು ನನ್ನನ್ನೂ ನನ್ನ ಹೆಂಡತಿಯನ್ನೂ ಕಾರ್ಕಳಕ್ಕೆ ಹೊರಡಿಸಿದಳು. ಸುಮತಿಯಷ್ಟೆತ್ತರದ ಬತ್ತಿಯನ್ನು ಹಳೆಯ ಸೀರೆಯಲ್ಲಿ ಸುತ್ತಿ, ಮುರಿಯದಂತೆ ನೆಟ್ಟಗೆ ಹಿಡಿಯುವ ಹೊಣೆ ನನ್ನದು. ಕಂಡಕ್ಟರು ನೋಡಿ, "ಇವರಿಗೆ ಕೂತ್ಕೊಳ್ಳಿಕ್ಕೆ ಜಾಗ ಬೇಕಾ ಮಾಸ್ಟ್ರೇ?" ಎಂದ. ಇಡೀ ಬಸ್ಸು ನಕ್ಕಿತು. ಯಾರು ಯಾರೆಂದು ನನಗೆ ನೆನಪಿದೆ.

ಇಗರ್ಜಿಯಲ್ಲಿ ಬತ್ತಿ ಹಚ್ಚಿದ ಮೇಲೆ ನಾನು ಮನಸ್ಸಿನಲ್ಲಿದ್ದುದನ್ನು ಹೇಳಿಯೇ ಬಿಟ್ಟೆ: ವಾರವಾರವೂ ಬರೆದು ಗುಣಪಡಿಸಿದವನು ನಾನು, ಬತ್ತಿ ಸಂತರಿಗೆ!

"ನಿಮ್ಮಷ್ಟು ಉದ್ದದ್ದು ಬಸ್ಸಿನಲ್ಲಿ ಹಿಡಿಸ್ಲಿಕ್ಕಿಲ್ಲ ಮಾಸ್ಟ್ರೇ" ಎಂದು ಗ್ರೇಸಿ ನಕ್ಕಳು.

ನಾನು ತಕ್ಕ ಉತ್ತರವನ್ನು ಜೋಡಿಸುತ್ತಿದ್ದೆ. ಅಷ್ಟರಲ್ಲಿ, ಈಗ ನಡೆಯಲು ಕಲಿತಿದ್ದ ಮಗು ನನ್ನ ಹೆಂಡತಿಯ ಬೆರಳು ಕೊಡವಿ, ತಗ್ಗಿನಲ್ಲಿ ಉರಿಯುತ್ತಿದ್ದ ಸಣ್ಣ ಬತ್ತಿಗಳ ಸಾಲಿನತ್ತ ಓಡಿತು. ನಾನು "ಅಯ್ಯೋ" ಎನ್ನಲು ಬಾಯಿ ತೆರೆದಿದ್ದೆನಷ್ಟೆ; ಗ್ರೇಸಿ ಆಗಲೇ ಅದನ್ನು ಎತ್ತಿ ಹೆಗಲಿಗೆ ಹಾಕಿಕೊಂಡು, ಏನೂ ಆಗಲಿಲ್ಲವೆಂಬಂತೆ ಹಿಂದಿರುಗುತ್ತಿದ್ದಳು. ಅಷ್ಟೊಂದು ವಾರ ಬರೆದರೂ ಗುಣವಾದ ತಾಯಿಗೆ ಅಂಥ ಚುರುಕಾದ ಕೈಯೊಂದನ್ನು ಕೊಡಬೇಕೆಂದು ನನಗೆ ಹೊಳೆದಿರಲಿಲ್ಲ.